ಆಸ್ಪತ್ರೆಗೆ ಬಪ್ಪ ದಾರಿ

ಇದ್ದಿಲಿನಿಂದ ಓಡುವ ಬಸ್ಸು ಪದ್ಮಾಕ್ಷಿಯನ್ನೂ ಅವಳ ತಗಡಿನ ಪೆಟ್ಟಿಗೆಯನ್ನೂ ನಡುಕೇರಿಯ ಗೋಳಿಮರದ ಬುಡದಲ್ಲಿ ಇಳಿಸಿ, ಕೆಮ್ಮುತ್ತ ಬೈಂದೂರಿನ ಕಡೆಗೆ ಹೋಯಿತು. ಕುಂದಾಪುರದಲ್ಲಿ ಉಟ್ಟಾಗ ಬೆಳ್ಳಗಿದ್ದ ಸೀರೆ ಈಗ ಒಲೆಬದಿಯ ಮಸಿಬಟ್ಟೆಯಂತಾಗಿತ್ತು. ಕೊಡವಿದಳು. ಕೊಡವಿದಷ್ಟೂ ಮಸಿ ಹರಡಿತು. ಅದನ್ನು ಕಂಡು ಒಬ್ಬಳೇ ನಕ್ಕುಬಿಟ್ಟಳು.

ಸ್ವಾತಂತ್ರ್ಯ ಬಂದ ಮರುವರ್ಷ ಅದು, ದೀಪಾವಳಿ ಆಗಷ್ಟೇ ಕಳೆದಿತ್ತು. ನಡುಕೇರಿ ಕಿರಿಮಂಜೇಶ್ವರದ ಆಚೆಗಿನ ಸಣ್ಣ ಊರು. ರಸ್ತೆಯ ಮೇಲುಬದಿಗೆ ಗದ್ದೆಗಳು, ತೋಟದ ಮನೆಗಳು. ಕೆಳಬದಿಗೆ ಗಾಳಿಮರ, ಹೊಯ್ಗೆಯ ಮರಳು, ಕಡಲು, ಕಡಲ ಬದಿಯಲ್ಲಿ ಮೀನುಗಾರರ ಕೇರಿ. ಆ ಕೇರಿಯಲ್ಲಿ ಹೆರಿಗೆಗೆ ಮಲಗಿದ ಹೆಂಗಸರು ಏಳದೆ ಹೋಗುವುದು ಹೆಚ್ಚಾಗಿದೆ ಎಂದು ಯಾರೋ ಮೇಲಿನವರಿಗೆ ಮುಟ್ಟಿಸಿದ್ದರು. ಅದಕ್ಕಾಗಿ ಅಲ್ಲೊಂದು ಸಣ್ಣ ಹೆರಿಗೆ ಆಸ್ಪತ್ರೆ ಮಂಜೂರಾಗಿತ್ತು. ಅದಕ್ಕೆ ಬಂದ ಮೊದಲ ನರ್ಸು ಪದ್ಮಾಕ್ಷಿ.

ಅವಳು ಸಾಲಿಗ್ರಾಮದ ಕಡೆಯವಳು. ತಂದೆ ದೇವಸ್ಥಾನದ ಅರ್ಚಕರು. ಮದುವೆಯಾದ ವರ್ಷದೊಳಗೇ ಗಂಡ ತೀರಿಕೊಂಡಿದ್ದ. ಒಳಗಿನ ಕೋಣೆಯಲ್ಲಿ ಕೂತು ಬತ್ತಿ ಹೊಸೆಯಬೇಕಾಗಿದ್ದವಳನ್ನು ಅಣ್ಣ ವೈಕುಂಠ, ಆಡುವವರ ಬಾಯಿಗೆ ಹೆದರದೆ, ಮಂಗಳೂರಿಗೆ ಕರೆದೊಯ್ದು ದಾದಿಯ ಕಲಿಕೆಗೆ ಸೇರಿಸಿದ್ದ. ಅಲ್ಲಿಂದ ಅವಳು ಮೂರು ವಿಷಯ ಕಲಿತು ಬಂದಳು: ಹೆರಿಗೆ ಮಾಡಿಸುವುದು, ಸೈಕಲ್ ತುಳಿಯುವುದು, ಯಾರ ಎದುರೂ ಜೋರಾಗಿ ನಗುವುದು. ಸೈಕಲ್ ಮಾತ್ರ ಅವಳ ಹತ್ತಿರ ಇರಲಿಲ್ಲ.

ಆಸ್ಪತ್ರೆಗೆ ಜಾಗ ಕೊಟ್ಟವನು ಊರಿನ ಪಟೇಲ ಶಾಮರಾಯ. ಇನ್ನೂ ಮೂವತ್ತು ತುಂಬದ, ಮಾತಿಗೆ ಮೊದಲು ಮುಗುಳ್ನಗುವ ಮನುಷ್ಯ. ತನ್ನ ಮನೆಯ ಹೊರಚಾವಡಿಯನ್ನೂ ನರ್ಸಿಗೆ ಇರಲು ಒಂದು ಕೋಣೆಯನ್ನೂ ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟಿದ್ದ. ಸುಣ್ಣ ಬಳಿಸಿ, ಮೇಜು ಹಾಕಿಸಿ, ಗೋಡೆಗೆ 'ಹೆರಿಗೆ ಆಸ್ಪತ್ರೆ, ಸರ್ವರಿಗೂ ಉಚಿತ' ಎಂದು ಬರೆಸಿದ ಹಲಗೆ ಹೊಡೆಸಿದ್ದ. ಅವನ ತಾಯಿ ಅಮ್ಮಣ್ಣಿ ಮೊದಲ ದಿನವೇ ಪದ್ಮಾಕ್ಷಿಯ ಎದುರು ಬಿಸಿ ಗಂಜಿ, ಉಪ್ಪಿನಕಾಯಿ ಇಟ್ಟು, "ಸಾಲಿಗ್ರಾಮದ ಹೆಣ್ಣಾ ನೀನ್? ಹಾಂಗಾರೆ ನಮ್ಮವ್ಳೇ ಆಯ್ತಲೆ. ಉಣ್ಣ್, ನಾಚ್ಕಿ ಮಾಡ್ಬೇಡ" ಎಂದರು. ಶಾಮರಾಯನ ಹೆಂಡತಿ ಸುಗುಣಾ ಬಾಗಿಲ ಹಿಂದೆ ನಿಂತು ಕಣ್ಣರಳಿಸಿ ನೋಡುತ್ತಿದ್ದಳು. ಅವಳಿಗೆ ಆಗ ಎರಡು ತಿಂಗಳು ತುಂಬಿತ್ತು. ಚೊಚ್ಚಲು. ತವರು ಕಾಡಂಚಿನ ಕೆರಾಡಿ. ಅಲ್ಲಿ ಮಲೇರಿಯ ಮನೆಮನೆಗೂ ಹೊಕ್ಕಿದ್ದರಿಂದ ಹೆರಿಗೆಗೆ ಕಳಿಸುವುದು ಬೇಡವೆಂದು ಅಮ್ಮಣ್ಣಿ ತೀರ್ಮಾನಿಸಿಬಿಟ್ಟಿದ್ದರು.

ಆಸ್ಪತ್ರೆ ಶುರುವಾಯಿತು. ಅಮ್ಮಣ್ಣಿಯ ಮಂಡಿನೋವು ಬಂತು, ಶ್ಯಾನುಭೋಗರ ಮನೆಯ ಮಗುವಿನ ಕಿವಿಸೋರು ಬಂತು, ಸುಗುಣಾಳ ವಾಂತಿ ಬಂತು. ಕಡಲ ಬದಿಯಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಯಾರಿಗಾಗಿ ತನ್ನನ್ನು ಕಳಿಸಿದ್ದಾರೋ ಅವರನ್ನೇ ಕಾಣದೆ ಪದ್ಮಾಕ್ಷಿಗೆ ಹಗಲೆಲ್ಲ ಆಕಳಿಕೆ.

ಒಂದು ಮಧ್ಯಾಹ್ನ ಹಿತ್ತಲ ಬೇಲಿಯ ಆಚೆಯಿಂದ ಕೂಗು ಕೇಳಿತು.

"ಹ್ವಾಯ್, ನರ್ಸಮ್ಮಾ! ಒಂಚೂರ್ ಇಲ್ಲ್ ಬನಿ!"

ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತ, ಎತ್ತರದ, ಗಟ್ಟಿ ಹೆಂಗಸು. ಹೆಸರು ಜಲಜ ಎಂದು ತಾನೇ ಹೇಳಿಕೊಂಡಳು. ಸೊಸೆ ವನಜ ಬಸುರಿ. ಕಾಲು ಬಾತು, ಮುಖ ಬಿಳುಚಿ, ಎದ್ದರೆ ತಲೆ ತಿರುಗುತ್ತದಂತೆ.

"ಅಲ್ಲ, ಇಲ್ಲ್ ಬೇಲಿ ಬದಿ ಎಂತ್ಕೆ ನಿಂತದ್ದ್? ಅವ್ಳನ್ನ ಚಾವ್ಡಿಗೆ ಕರ್ಕಂಡ್ ಬನಿ, ಕಾಂಬ" ಎಂದಳು ಪದ್ಮಾಕ್ಷಿ.

ಜಲಜ ಬುಟ್ಟಿ ಅಲುಗುವಂತೆ ನಕ್ಕಳು. "ಚಾವ್ಡಿಗಾ? ಚಾವ್ಡಿಗೆ ಬರ್ಕಾರೆ ಹೆಬ್ಬಾಗ್ಲ್ ಹೊಕ್ಕಿ ಅಂಗ್ಳ ದಾಟ್ಕ್. ನಾವ್ ಆ ಅಂಗ್ಳ ತುಳುದ್ರೆ ಅಮ್ಮಣ್ಣಿ ದೊಡ್ಡಮ್ಮ ನಮ್ಗೂ ನಿಮ್ಗೂ ಒಟ್ಟಿಗೇ ಮಂಗಳಾರ್ತಿ ಎತ್ತೂದೇ."

"ಸರ್ವರಿಗೂ ಅಂದ್ ಹಲ್ಗಿ ಮೇಲ್ ಬರ್ದಿತ್ತಲೆ!"

"ಬರ್ದಿಕ್ಕ್, ಅಮ್ಮ. ಆ ಹಲ್ಗಿ ಕಾಂಬುಕೂ ಅಂಗ್ಳ ದಾಟ್ಕ್." ಹಾಗೆಂದವಳ ನಗು ಸ್ವಲ್ಪ ಸ್ವಲ್ಪವಾಗಿ ಆರಿತು. "ಹೋದ ಮಳ್ಗಾಲ್ದಗೆ ನನ್ನ್ ಮಗ್ಳ್ ಹೆರುಕಾಯ್ದೆ ಹೋಯ್ತ್. ಹತ್ರ ನಾನೇ ಇದ್ದೆ. ಈ ಸೊಸಿಯನ್ನಾರೂ ಒಳಿಸ್ಕೊಡಿ ಅಂದ್ ಕೇಂಬುಕೆ ಬಂದದ್ದ್, ಅಷ್ಟೇ."

ಪದ್ಮಾಕ್ಷಿ ಚೀಲ ಹೆಗಲಿಗೆ ಹಾಕಿಕೊಂಡು ಅವಳ ಹಿಂದೆಯೇ ನಡೆದಳು. ವನಜಳಿಗೆ ರಕ್ತ ಕಡಿಮೆ, ಕಾಲಿನಲ್ಲಿ ನೀರು. ಮದ್ದು ಕೊಟ್ಟು, ಉಪ್ಪುಮೀನು ಮುಟ್ಟಬೇಡ, ಭಾರ ಹೊರಬೇಡ ಎಂದು ಹೇಳಿ ತಿರುಗುವಷ್ಟರಲ್ಲಿ ಪಕ್ಕದ ಗುಡಿಸಲಿನಿಂದ ಒಬ್ಬಳು, ಅದರಾಚೆಯಿಂದ ಮತ್ತೊಬ್ಬಳು. ಸಂಜೆಯಾಗುವವರೆಗೂ ಅವಳಿಗೆ ಬಿಡುವಾಗಲಿಲ್ಲ.

ಮರಳಿದಾಗ ಅಮ್ಮಣ್ಣಿ ಬಾವಿಕಟ್ಟೆಯ ಬಳಿಯೇ ಕಾದಿದ್ದರು. ಬೈಯಲಿಲ್ಲ. ಒಣಗಿದ ಸೀರೆ ಹಿಡಿದು ನಿಂತಿದ್ದರು, ಅಷ್ಟೇ. "ಹೋದ್ದ್ ತಪ್ಪಲ್ಲ ಮಗಾ, ಪುಣ್ಯದ ಕೆಲ್ಸ. ಮಿಂದ್ಕಂಡ್ ಮೇಲ್ ಹತ್ತ್."

"ಅವ್ರ್ ಇಲ್ಲಿಗೇ ಬಂದ್ರೆ ಎಂತ, ಅಮ್ಮ?"

"ಬರ್ಬೇಡಿ ಅಂದ್ ಯಾರ್ ಹೇಳಿರ್? ಅವ್ರೇ ಬತ್ತಿಲ್ಲ." ಅಮ್ಮಣ್ಣಿ ಸ್ವರ ತಗ್ಗಿಸಿದರು. "ತುಳ್ಸಿಕಟ್ಟಿ ಇಪ್ಪ ಅಂಗ್ಳ ಅದ್. ನನ್ನ್ ಅತ್ತಿ ಕಾಲ್ದಿಂದ ನಡ್ಕಂಡ್ ಬಂದದ್ದ್. ನನ್ನ್ ಕೈಯಗೆ ಅದ್ ಹಾಳಾಪ್ದ್ ಬ್ಯಾಡ."

ಆ ಮೇಲೆ ಪದ್ಮಾಕ್ಷಿಯ ದಿನಚರಿ ವಿಚಿತ್ರವಾಯಿತು. ಬೆಳಿಗ್ಗೆ ಕಡಲ ಬದಿ, ಬಂದು ಸ್ನಾನ. ಮಧ್ಯಾಹ್ನ ಯಾರಿಗೋ ಜ್ವರವೆಂದು ಓಟ, ಬಂದು ಸ್ನಾನ. ಸಂಜೆ ಮತ್ತೆ ಕರೆ, ಮತ್ತೆ ಸ್ನಾನ. ಇಬ್ಬನಿ ಬೀಳುವ ಕಾಲ. ಬಾವಿಯ ನೀರು ಮೈಗೆ ಬಿದ್ದರೆ ಹಲ್ಲು ಕಟಕಟ. ಧನುರ್ಮಾಸ ಮುಗಿಯುವುದರೊಳಗೆ ಅವಳಿಗೆ ಶೀತ ಕಟ್ಟಿ, ರೋಗಿಯ ನಾಡಿ ಹಿಡಿದರೆ ಸೀನು, ಮದ್ದು ಅಳೆದರೆ ಸೀನು. "ನರ್ಸಮ್ಮನಿಗೇ ಮದ್ದ್ ಕೊಡುಕೆ ಇನ್ನೊಂದ್ ನರ್ಸಮ್ಮ ಬರ್ಕಾ ಕಾಂತ್" ಎಂದು ಜಲಜ ಕೇರಿಯೆಲ್ಲ ಹೇಳಿಕೊಂಡು ಬಂದಳು.

ಶೀತವಾದರೂ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ಬೇರೆಯೇ ಇತ್ತು. ಒಂದು ದಿನ ಅವಳು ಕೇರಿಯ ಈ ತುದಿಯಲ್ಲಿದ್ದಾಗ ಆ ತುದಿಯ ಹೆಂಗಸೊಬ್ಬಳು ಜ್ವರದ ಮಗುವನ್ನು ಎತ್ತಿಕೊಂಡು ಚಾವಡಿಯವರೆಗೆ ಬಂದು, ಹೆಬ್ಬಾಗಿಲ ಹೊರಗೇ ನಿಂತು, ಬಿಸಿಲಲ್ಲಿ ಕಾದು ಕಾದು ಮರಳಿಹೋಗಿದ್ದಳು. ಒಳಗಿದ್ದವರಿಗೆ ಅವಳು ಬಂದದ್ದೇ ಗೊತ್ತಿಲ್ಲ. ಮಗು ಬದುಕಿತು ನಿಜ. ಆದರೂ ಪದ್ಮಾಕ್ಷಿಗೆ ಅದನ್ನು ಕೇಳಿದ ದಿನ ಊಟ ಸೇರಲಿಲ್ಲ. ತನ್ನ ಮೇಜು, ತನ್ನ ಹಲಗೆ, ತನ್ನ ಸಂಬಳ ಎಲ್ಲ ಇರುವುದು ಆ ಹೆಂಗಸಿಗಾಗಿ, ಅವಳೇ ಹೊರಗೆ.

ಮರುದಿನ ಅವಳು ಶಾಮರಾಯನ ಎದುರು ನಿಂತಳು. "ರಾಯ್ರೆ, ಆಸ್ಪತ್ರೆಯನ್ನ ಕಡ್ಲ್ ಬದಿಗೆ ತಕಂಡ್ ಹೋತೆ. ಜಲಜಕ್ಕನ ಮಗ ಭೋಜನ ದೋಣಿಕೊಟ್ಟಿಗೆ ಖಾಲಿ ಇತ್ತಂಬ್ರ್."

ಭೋಜ ವನಜಳ ಗಂಡ. ಮೀನಿನ ಸುಗ್ಗಿಯಲ್ಲಿ ದೋಣಿ ಹೊಯ್ಗೆಯ ಮೇಲೆಯೇ ಇರುತ್ತಿದ್ದುದರಿಂದ ಕೊಟ್ಟಿಗೆ ಬರಿದಾಗಿತ್ತು.

ಶಾಮರಾಯನ ಮುಖ ಸಣ್ಣದಾಯಿತು. "ನನ್ನ್ ಚಾವ್ಡಿಗೆ ಎಂತ ಆಯ್ತ್, ನರ್ಸಮ್ಮ? ಸುಣ್ಣ ಬಳ್ಸಿ ಕೊಟ್ಟಿದ್ನಲೆ."

"ಚಾವ್ಡಿಗೆ ಎಂತದೂ ಆಯ್ಲಿಲ್ಲೆ. ಬಪ್ಪ ದಾರಿಗೆ ಆದ್ದ್."

ಅವನು ಬಹಳ ಹೊತ್ತು ತುಳಸಿಕಟ್ಟೆಯ ಕಡೆ ನೋಡಿದ. ಆಮೇಲೆ ಆಯಿತೆಂದು ತಲೆಯಾಡಿಸಿದ.

ಸಾಮಾನು ಸಾಗಿಸಲು ಭೋಜನೂ ಅವನ ಗೆಳೆಯರೂ ಬಂದು ಹೆಬ್ಬಾಗಿಲ ಹೊರಗೆ ಸಾಲಾಗಿ ನಿಂತರು. ತೋಳು ಮರದ ಕೊರಡಿನಂತಿದ್ದ ಗಂಡಸರು. ಆದರೆ ಮೇಜು ಇರುವುದು ಒಳಗೆ, ಅವರು ಇರುವುದು ಹೊರಗೆ. ಪದ್ಮಾಕ್ಷಿ ಮೇಜನ್ನು ಒಬ್ಬಳೇ ಎಳೆಯಲು ಹೋಗಿ ಒಂದು ಗೇಣೂ ಸರಿಸಲಾರದೆ ನಿಂತಳು. ಆಗ ಶಾಮರಾಯ ಹೆಗಲ ಶಾಲು ತೆಗೆದು ಜಗಲಿಯ ಮೇಲಿಟ್ಟ, ಧೋತರ ಎತ್ತಿ ಕಟ್ಟಿದ, ಮೇಜಿನ ಇನ್ನೊಂದು ತುದಿ ಹಿಡಿದ. ಪಟೇಲರು ಮೇಜು ಹೊತ್ತು ಏದುಸಿರು ಬಿಡುತ್ತ ಹೆಬ್ಬಾಗಿಲು ದಾಟುವುದನ್ನು ಊರು ಅದುವರೆಗೆ ಕಂಡಿರಲಿಲ್ಲ. ಭೋಜ ಗಾಬರಿಯಾಗಿ ಓಡಿಬಂದು ಹಿಡಿದುಕೊಂಡ. "ಬಿಡಿ ಒಡ್ಯಾ, ಬಿಡಿ! ಸೊಂಟ ಹಿಡ್ಕಂತ್!" ಶಾಮರಾಯ ನಾಚಿಕೆಯಿಂದಲೂ ನೋವಿನಿಂದಲೂ ನಕ್ಕ. ಹಲಗೆಯನ್ನು ಅವನೇ ಗೋಡೆಯಿಂದ ಕಿತ್ತು ತಂದುಕೊಟ್ಟ.

ದೋಣಿಕೊಟ್ಟಿಗೆಗೆ ತೆಂಗಿನ ಮಡಲಿನ ಮಾಡು, ಮಡಲಿನ ಗೋಡೆ, ನೆಲವೆಂದರೆ ಹೊಯ್ಗೆ. ಜಲಜ ಕೇರಿಯ ಹೆಂಗಸರನ್ನು ಕೂಡಿಸಿ ಮಣ್ಣು ಹೊರಿಸಿ ನೆಲ ಬಡಿಸಿದಳು. ಹಲಗೆಯನ್ನು ಹೊರಗಿನ ಕಂಬಕ್ಕೆ ಕಟ್ಟಿದರು. ವನಜಳ ಹೆರಿಗೆ ಆದದ್ದು ಅಲ್ಲಿಯೇ. ಬೆಳಿಗ್ಗೆ ಶುರುವಾದ ನೋವು ಇಳಿಹೊತ್ತಿನವರೆಗೂ ಎಳೆಯಿತು. ಕೂಸು ಬಂತು, ಅಳಲಿಲ್ಲ. ಜಲಜ ಮೂಲೆಯಲ್ಲಿ ಮುಖ ಮುಚ್ಚಿಕೊಂಡು ಕೂತುಬಿಟ್ಟಳು. ಪದ್ಮಾಕ್ಷಿ ಅದರ ಬಾಯಿ ಒರೆಸಿ, ಬೆನ್ನು ತಿಕ್ಕಿ, ಉಸಿರು ಊದಿ, ಮತ್ತೆ ಬೆನ್ನು ತಿಕ್ಕಿ, ಒಳಗೊಳಗೇ ತನಗೆ ಗೊತ್ತಿದ್ದ ದೇವರನ್ನೆಲ್ಲ ಬೈದಳು. ಕೊನೆಗೆ ಕೂಸು ಕಿರ್ರೆಂದಿತು. ಹೊರಗೆ ಬಲೆ ಒಣಹಾಕುತ್ತಿದ್ದ ಗಂಡಸರೆಲ್ಲ ಒಂದೇ ಸಲ ಹೋ ಎಂದರು. ಗಂಡು ಮಗು. ಬಾಣಂತಿ ಎಚ್ಚರವಿದ್ದು ನೀರು ಕೇಳಿದಳು.

ಈ ಸುದ್ದಿ ಮೇಲುಬದಿಗೆ ಹೋಗುವುದಕ್ಕೆ ಹೊತ್ತು ಹಿಡಿಯಲಿಲ್ಲ. ಅಲ್ಲಿಯ ಹೆಂಗಸರಿಗೆ ಈಗ ಇಕ್ಕಟ್ಟು. ನರ್ಸಮ್ಮ ಬೇಕು, ಆದರೆ ಅವಳು ಕೂತಿರುವುದು ಒಣಮೀನಿನ ವಾಸನೆಯ ನಡುವೆ. ಮನೆಗೇ ಬಾ ಎಂದು ಹೇಳಿಕಳಿಸಿದರೆ ಪದ್ಮಾಕ್ಷಿಯ ಉತ್ತರ ಒಂದೇ: "ನಡೂಕೆ ಆಗ್ದಿದ್ದವ್ರ್ ಯಾರೇ ಆಯ್ಲಿ, ನಾನೇ ಬತ್ತೆ. ನಡೂಕೆ ಆಪವ್ರ್ ಯಾರೇ ಆಯ್ಲಿ, ಇಲ್ಲಿಗ್ ಬರ್ಕ್."

ಮೊದಲು ನಡೆದುಬಂದವಳು ಸುಗುಣಾ. ಏಳು ತಿಂಗಳ ಹೊಟ್ಟೆ ಹೊತ್ತು, ಒಂದು ಮಧ್ಯಾಹ್ನ ಯಾರಿಗೂ ಹೇಳದೆ ಗಾಳಿಮರಗಳ ನಡುವೆ ಇಳಿದಳು. ಸ್ವಲ್ಪ ಹೊತ್ತಿನಲ್ಲೇ ಹಿಂದಿನಿಂದ, "ಸುಗುಣಾ, ನಿಲ್ಲೇ! ಹೆಣೆ, ನಿಲ್ಲ್ ಅಂದೆ!" ಎಂಬ ಕೂಗು. ಅಮ್ಮಣ್ಣಿ ಮಂಡಿನೋವನ್ನೂ ಮರೆತು ಹೊಯ್ಗೆಯಲ್ಲಿ ಹೆಜ್ಜೆ ಕೀಳುತ್ತ ಬರುತ್ತಿದ್ದರು. ಕೊಟ್ಟಿಗೆ ಮುಟ್ಟಿದಾಗ ಅವರಿಗೆ ಉಸಿರೇ ಇರಲಿಲ್ಲ. ಕಣ್ಣುಕತ್ತಲೆ ಬಂದು, ಕಂಡ ಬೆಂಚಿನ ಮೇಲೆ ದೊಪ್ಪನೆ ಕೂತರು. ಪಕ್ಕದಲ್ಲಿ ಜಲಜ ಕೂತಿದ್ದಳು.

ಜಲಜ ಮೆಲ್ಲನೆ ಎದ್ದು ಹೋಗಿ, ಭೋಜ ಕೆತ್ತಿಕೊಟ್ಟ ಎಳನೀರಿನ ಬೊಂಡ ತಂದು ಅಮ್ಮಣ್ಣಿಯ ಮುಂದೆ ಬೆಂಚಿನ ಮೇಲಿಟ್ಟಳು. ಅಮ್ಮಣ್ಣಿ ಬೊಂಡವನ್ನು ನೋಡಿದರು, ಕಡಲನ್ನು ನೋಡಿದರು.

"ಬೊಂಡಕ್ಕೆ ಎಂತ ಮೈಲ್ಗಿ ಇಲ್ಲೆ" ಎಂದು ಯಾರೂ ಕೇಳದಿದ್ದರೂ ಹೇಳಿ, ಒಂದೇ ಉಸಿರಿಗೆ ಕುಡಿದರು.

ಅಷ್ಟರಲ್ಲಿ ಕೊಟ್ಟಿಗೆಯ ಹಿಂಬಾಗಿಲ ಬಳಿ ಕೂಸಿನ ಅಳು. ವನಜ ಮಗುವಿಗೆ ಎಣ್ಣೆ ಹಚ್ಚಿ ನೀರೆರೆಯುತ್ತಿದ್ದಳು. ಅವಳಿಗೂ ಚೊಚ್ಚಲು, ಮಗು ಕೈಯಲ್ಲಿ ಮೀನಿನಂತೆ ಜಾರುತ್ತಿತ್ತು. ಅಮ್ಮಣ್ಣಿ ಕೂತಲ್ಲಿಂದಲೇ ಕತ್ತು ಚಾಚಿದರು. "ತಲಿ ಹಿಡ್ಕ, ತಲಿ! ಅಯ್ಯೋ, ಮೂಗಿಗೆ ನೀರ್ ಹೋತ್!" ವನಜ ಹೆದರಿ ಇನ್ನಷ್ಟು ಜಾರಿಸಿದಳು. "ಹಾಂಗಲ್ದೇ ಹೆಣೆ, ಕಾಲ್ ಮೇಲ್ ಬೋರ್ಲ್ ಹಾಕ್ಕ!" ಹೇಳುತ್ತ ಹೇಳುತ್ತ ಅಮ್ಮಣ್ಣಿ ಎದ್ದೇಬಿಟ್ಟರು. ನೆಲದ ಮೇಲೆ ಕೂತು ಕಾಲು ನೀಡಿ, "ಕೊಡ್ ಇಲ್ಲ್" ಎಂದು ಕೂಸನ್ನು ಕಸಿದುಕೊಂಡು ಕಾಲ ಮೇಲೆ ಬೋರಲು ಮಲಗಿಸಿ, ಅಂಗೈ ಅಡ್ಡ ಹಿಡಿದು ಬಿಸಿನೀರು ಹೊಯ್ದರು. ಕೂಸು ಅಳು ನಿಲ್ಲಿಸಿತು. ಅದರ ಮೂಗು ತೀಡಿ, ತೊಡೆ ನೀವಿ, "ಕಾಣ್, ಕಾಣ್, ಕಳ್ಳನ್ನ ಕಾಣ್" ಎಂದು ಆಡಿಸತೊಡಗಿದರು. ಬಹಳ ಹೊತ್ತಿನ ಮೇಲೆ ತಲೆಯೆತ್ತಿದಾಗ ಎಲ್ಲರೂ ತಮ್ಮನ್ನೇ ನೋಡುತ್ತಿರುವುದು ಕಂಡು, "ಎಂತ ಕಾಂತ್ರಿ? ಮಕ್ಕಳ್ನ ಮೀಸಿದ್ದ್ ಕಾಣ್ಲಿಲ್ಯಾ?" ಎಂದು ಗದರಿದರು.

ಮನೆಗೆ ಹೋಗಿ ಬಾವಿಕಟ್ಟೆಯಲ್ಲಿ ಮಿಂದರು. ಮಾರನೆಯ ವಾರ ಸುಗುಣಾಳನ್ನು ತೋರಿಸಬೇಕೆಂಬ ನೆವದಲ್ಲಿ ಮತ್ತೆ ಇಳಿದರು. ಅದರ ಮಾರನೆಯ ವಾರ ನೆವವೂ ಬೇಕಾಗಲಿಲ್ಲ. ಅಮ್ಮಣ್ಣಿಯವರೇ ಹೋಗುವ ಜಾಗಕ್ಕೆ ತಮಗೇನು ಎಂದು ಶ್ಯಾನುಭೋಗರ ಮನೆಯವರೂ ಉಳಿದವರೂ ಸೆರಗು ಮೂಗಿಗೆ ಹಿಡಿದು ಬಂದರು. ಕೆಲವು ದಿನ ಕಳೆದ ಮೇಲೆ ಸೆರಗು ಹೆಗಲಿಗೆ ಹೋಯಿತು.

ಬೇಸಿಗೆ ಮುಗಿಯುತ್ತ ಬಂದಂತೆ ಹೊಸ ತಾಪತ್ರಯ. ಮಳೆಗಾಲಕ್ಕೆ ದೋಣಿ ಕೊಟ್ಟಿಗೆಗೆ ಬರಲೇಬೇಕು. ಹೊರಗೆ ಬಿಟ್ಟರೆ ಭೋಜನ ಹೊಟ್ಟೆಪಾಡು ಕಡಲುಪಾಲು. ಶಾಮರಾಯ ಮತ್ತೆ ಚಾವಡಿಯ ಮಾತೆತ್ತಿದ. ಪದ್ಮಾಕ್ಷಿ ಅಮ್ಮಣ್ಣಿಯ ಮುಖ ನೋಡಿದಳು. ಅಮ್ಮಣ್ಣಿ ಮುಖ ತಿರುಗಿಸಿದರು. ಮೂರನೆಯ ದಿನ ಮಗನನ್ನು ಕರೆದು ಪದ್ಮಾಕ್ಷಿಯ ಎದುರಲ್ಲೇ ಹೇಳಿದರು: "ಅಂಗ್ಳದ್ ಮಾತ್ ಬ್ಯಾಡ, ನನ್ನತ್ರ ಆತಿಲ್ಲೆ. ಆದ್ರೆ ರಸ್ತಿ ಬದಿ ಗದ್ದಿ ಮೂಲಿ ಇತ್ತಲೆ, ಅದನ್ನ ಬರ್ಕೊಡ್. ರಸ್ತಿ ಸರ್ಕಾರದ್ದ್. ಅದ್ರ ಮೇಲ್ ಯಾರ್ ನಡುದ್ರೂ ಕೇಂಬವ್ರ್ ಯಾರ್?"

ಪದ್ಮಾಕ್ಷಿಗೆ ಅದು ಅರ್ಧ ಒಪ್ಪಿಗೆ ಅನ್ನಿಸಿತು. ವಾದಿಸಲು ಬಾಯಿ ತೆರೆದವಳು ಆ ಮುದುಕಿಯ ಕಣ್ಣಿನಲ್ಲಿದ್ದ ದಣಿವನ್ನು ಕಂಡು ಮುಚ್ಚಿದಳು. ಮೇಲುಬದಿಯವರು ಕೆಂಪುಕಲ್ಲು ತಂದರು, ಕೆಳಬದಿಯವರು ಮಡಲು ಹೆಣೆದು ಮಾಡು ಹೊದೆಸಿದರು. ಬಾಗಿಲು ನೇರ ರಸ್ತೆಗೆ. ಶಾಮರಾಯ ಎರಡು ಬೆಂಚು ಮಾಡಿಸಿ ಕಳಿಸಿದ, ಒಂದು ಇವರಿಗೆ, ಒಂದು ಅವರಿಗೆ ಎಂಬ ಅಂದಾಜಿನಲ್ಲಿ. ಪದ್ಮಾಕ್ಷಿ ಥ್ಯಾಂಕ್ಸ್ ಹೇಳಿ ಒಂದು ಬೆಂಚಿನ ಮೇಲೆ ಮದ್ದಿನ ಸೀಸೆಗಳನ್ನು ಜೋಡಿಸಿಬಿಟ್ಟಳು. ಕೂರಲು ಉಳಿದದ್ದು ಒಂದೇ.

ಮೊದಲ ಮಳೆ ಬಿದ್ದ ದಿನ ಸುಗುಣಾ ಆ ಬೆಂಚಿನ ಮೇಲಿದ್ದಳು. ಸುಮ್ಮನೆ ತೋರಿಸಿಕೊಂಡು ಹೋಗಲು ಅತ್ತೆಯ ಜೊತೆ ಬಂದವಳು. ಗಾಳಿ, ಗುಡುಗು, ರಸ್ತೆಯೇ ಕಾಣದಂಥ ಮಳೆ. ಅದೇ ಹೊತ್ತಿಗೆ ನೋವೂ ಬಂತು. ಮನೆಗೆ ಕರೆದೊಯ್ಯುವ ಹಾಗಿಲ್ಲ. ಅಮ್ಮಣ್ಣಿ ಕೈ ನಡುಗಿ, ಹಿಡಿದ ಚೊಂಬನ್ನೇ ಬೀಳಿಸಿದರು. ಮಳೆಗೆ ಸಿಕ್ಕಿ ಮೀನಿನ ಬುಟ್ಟಿಯೊಂದಿಗೆ ಬಾಗಿಲಲ್ಲಿ ನಿಂತಿದ್ದ ಜಲಜಳನ್ನು ಪದ್ಮಾಕ್ಷಿ ಕೂಗಿದಳು: "ಜಲಜಕ್ಕ, ಬುಟ್ಟಿ ಹೊರ್ಗ್ ಇಟ್ಟ್ ಕೈ ತೊಳ್ಕಂಡ್ ಬನಿ! ಇವ್ಳ್ ಭುಜ ಹಿಡ್ಕಣಿ!"

ಜಲಜ ಒಂದು ಕ್ಷಣ ಅಮ್ಮಣ್ಣಿಯನ್ನು ನೋಡಿದಳು.

"ನನ್ನನ್ನ ಎಂತ ಕಾಂತೆ? ಹಿಡ್ಕ ಮಾರಾಯ್ತಿ, ಹಿಡ್ಕ!" ಎಂದು ಅಮ್ಮಣ್ಣಿ ಚೀರಿದರು.

ಒಳಗಿನ ಚಾಪೆಯ ಮೇಲೆ ಸುಗುಣಾ ಜಲಜಳ ತೋಳನ್ನು ಉಗುರು ನಾಟುವಂತೆ ಹಿಡಿದು ಹೆತ್ತಳು. ಹೆಣ್ಣು. ವನಜಳ ಮಗನ ಹಾಗೆ ಕಾಯಿಸಲಿಲ್ಲ. ಬಂದದ್ದೇ ಗುಡುಗನ್ನು ಮೀರಿಸುವಂತೆ ಅತ್ತಿತು. ಹೊರಗೆ, ಸುದ್ದಿ ತಿಳಿದು ಓಡಿಬಂದ ಶಾಮರಾಯ, ಭೋಜ ಮಳೆಗೆ ಹೊದ್ದಿದ್ದ ಗೊರಬಿನೊಳಗೆ ಅರ್ಧ ತೂರಿಕೊಂಡು ನಿಂತಿದ್ದ. ಒಬ್ಬರಿಗೆ ಸಾಲುವ ಗೊರಬು ಇಬ್ಬರನ್ನೂ ತೋಯಿಸಿತ್ತು.

ಜಲಜ ಕೂಸನ್ನು ಒರೆಸಿ ಬಟ್ಟೆಯಲ್ಲಿ ಸುತ್ತಿ, ಬೆಂಚಿನ ಮೇಲೆ ಕೂತಿದ್ದ ಅಮ್ಮಣ್ಣಿಯ ಮಡಿಲಿಗಿಟ್ಟಳು. ಅಮ್ಮಣ್ಣಿ ಅದರ ಮುಖವನ್ನೇ ನೋಡುತ್ತ ಕೂತರು. ಆಮೇಲೆ ತಮ್ಮ ಕೈಗಳನ್ನು ನೋಡಿಕೊಂಡರು. ನಡುಕ ಇನ್ನೂ ನಿಂತಿರಲಿಲ್ಲ.

"ಈ ಕೈಯಗೆ ಎಳೆ ಶಿಶು ಮೀಸುಕೆ ಧೈರ್ಯ ಇಲ್ಲೆ ಇನ್ನ್" ಎಂದರು. "ಜಲಜ, ನೀನೇ ಬಾ. ಹನ್ನೊಂದ್ ದಿನ ಕಳೀಲಿ, ದಿನಾ ಬೆಳಿಗ್ಗೆ ಬಂದ್ ಮೀಸಿ ಹೋಯ್ಕ್."

"ಬತ್ತೆ ದೊಡ್ಡಮ್ಮ. ಎಲ್ಲಿಗೆ ಬರ್ಕ್? ಹಿತ್ಲ್ ಬದಿಗಾ?"

ಅಮ್ಮಣ್ಣಿ ಕೂಸಿನ ಬಟ್ಟೆಯನ್ನು ಬಿಗಿ ಮಾಡಿದರು, ಮತ್ತೆ ಸಡಿಲ ಮಾಡಿದರು.

"ಹಿತ್ಲಗೆ ಕೆಸ್ರ್. ಜಾರಿ ಬಿದ್ರೆ ಶಿಶು ಗತಿ ಎಂತ? ಅಂಗ್ಳದಗೇ ಬಾ."

ಜಲಜ ಬಂದಳು. ಆಷಾಢದ ಒಂದು ಬೆಳಿಗ್ಗೆ ಹೆಬ್ಬಾಗಿಲು ಹೊಕ್ಕು, ಅಂಗಳ ದಾಟಿ, ಬಚ್ಚಲಿಗೆ ನಡೆದಳು. ಅಂಗಳದ ನಡುವೆ ಅವಳಿಗೆ ಎದೆ ಹೊಡೆದುಕೊಂಡಿತಂತೆ, ಆಮೇಲೆ ತಾನೇ ಹೇಳಿದಳು. ಊರು ಒಂದಷ್ಟು ದಿನ ಗುಸುಗುಸು ಮಾಡಿತು. ದೇವಸ್ಥಾನದ ಕಡೆಯ ಒಬ್ಬಿಬ್ಬರು ಶಾಮರಾಯನ ಮನೆಯ ಊಟ ಬಿಟ್ಟರು. ಅವರ ಮನೆಯ ಸೊಸೆಯಂದಿರೂ ಹೆರಿಗೆಗೆ ರಸ್ತೆಬದಿಯ ಆಸ್ಪತ್ರೆಗೇ ಬಂದರು. ಬರದೆ ಎಲ್ಲಿಗೆ ಹೋದಾರು?

ಆದರೆ ಅದೆಲ್ಲ ಮುಂದಿನ ಮಾತು. ಮಳೆಯ ಆ ಮಧ್ಯಾಹ್ನ ಪದ್ಮಾಕ್ಷಿ ಕೈ ತೊಳೆದು ಬಾಗಿಲಿಗೆ ಬಂದಾಗ, ಮಾಡಿನ ಅಂಚಿನಲ್ಲಿ ಕಡಲ ಬದಿಯ ಮೂರ್ನಾಲ್ಕು ಹೆಂಗಸರು ಮಕ್ಕಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದರು. ಒಳಗೆ ಪಟೇಲರ ಮನೆಯವರಿದ್ದಾರೆಂದು ಹೊರಗೇ ನೆನೆಯುತ್ತಿದ್ದರು.

"ಹ್ವಾಯ್, ಅಲ್ಲ್ ಎಂತ್ಕೆ ಚಂಡಿ ಆತ್ರಿ? ಒಳ್ಗ್ ಬನಿ, ಒಳ್ಗ್ ಬನಿ! ಅಮ್ಮ, ನೀವ್ ಒಂಚೂರ್ ಆಚಿಗ್ ಸರೀನಿ."

ಅಮ್ಮಣ್ಣಿ ಮೊಮ್ಮಗಳನ್ನು ಎದೆಗವಚಿಕೊಂಡು ಬೆಂಚಿನ ತುದಿಗೆ ಸರಿದರು.